ಎರಡನೇ ಬಾಟಲಿಗೆ ಮೊದಲು ಕಫ ಪರೀಕ್ಷೆ ಆಗಲಿ: ತುಮಕೂರು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು ಮತ್ತು ಜಿಲ್ಲೆಯ ಎಲ್ಲ ವೈದ್ಯಾಧಿಕಾರಿಗಳಿಗೆ,
ತುಮಕೂರು

ಮಾನ್ಯರೇ,

ನಾನು ಸಮುದಾಯ ಆರೋಗ್ಯದ ಸಂಶೋಧಕಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗದ ಬಗ್ಗೆ ಕೆಲಸ ಮಾಡುತ್ತೇನೆ. ಮನೆ ಮನೆಗೆ ಹೋಗುತ್ತೇನೆ. ಯಾರಿಗೆ ಕೆಮ್ಮಿದೆ, ಎಷ್ಟು ದಿನದಿಂದ, ಮೊದಲು ಎಲ್ಲಿ ತೋರಿಸಿದಿರಿ, ಅಲ್ಲಿ ಏನು ಕೊಟ್ಟರು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಕೊನೆಯ ಪ್ರಶ್ನೆಗೆ ಮತ್ತೆ ಮತ್ತೆ ಸಿಗುವ ಉತ್ತರವೇ ಈ ಪತ್ರಕ್ಕೆ ಕಾರಣ. "ಒಂದು ಬಾಟ್ಲು ಔಷಧಿ ಕೊಟ್ರು."

ಎರಡು ವಾರ ದಾಟಿದ ಕೆಮ್ಮು ಇರುವ ಯಾರನ್ನೂ ಕಫ ಪರೀಕ್ಷೆ ಮಾಡಿಸದೆ ಮನೆಗೆ ಕಳಿಸಬೇಡಿ. ನಾನು ಕೇಳುತ್ತಿರುವುದು ಇಷ್ಟೇ. ಇದು ಹೊಸ ಬೇಡಿಕೆ ಏನಲ್ಲ, ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮವೇ ಇದು. ಆದರೂ ತುಮಕೂರಿನಲ್ಲಿ ನಿಂತು ಇದನ್ನು ಎಲ್ಲರೆದುರು ಕೇಳಬೇಕಾಗಿ ಬಂದಿರುವುದು ನನಗೆ ತುಂಬಾ ನೋವಿನ ವಿಷಯ. ಯಾಕೆಂದರೆ ಈ ಪಾಠವನ್ನು ದೇಶ ಕಲಿತದ್ದೇ ನಮ್ಮ ಜಿಲ್ಲೆಯ ಹಳ್ಳಿಗಳಿಂದ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಇಡೀ ದೇಶಕ್ಕೆ ಹೊಂದುವಂಥ ಕ್ಷಯ ಕಾರ್ಯಕ್ರಮವೊಂದನ್ನು ರೂಪಿಸುವುದು ಅದರ ಹೊಣೆಯಾಗಿತ್ತು. ಹಳ್ಳಿಗಳಲ್ಲಿ ಕಾಯಿಲೆ ಎಷ್ಟಿದೆ ಅಂತ ತಿಳಿಯಲು ಅಲ್ಲಿನ ತಂಡ 1960-61ರಲ್ಲಿ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಊರೂರಿಗೆ ಹೋದರು, ಜನರ ಎದೆಯ ಎಕ್ಸ್‌ರೇ ತೆಗೆದರು, ಸಂಶಯ ಬಂದವರ ಕಫ ಪರೀಕ್ಷಿಸಿದರು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ.

ಆಗ ಮೇಲಿನವರಲ್ಲಿ ಒಂದು ನಂಬಿಕೆ ಇತ್ತು. ಹಳ್ಳಿ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ, ನಾವೇ ಎಕ್ಸ್‌ರೇ ಗಾಡಿ ತೆಗೆದುಕೊಂಡು ಹೋಗಿ ಅವರನ್ನು ಹುಡುಕಬೇಕು ಅಂತ. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಈ ನಂಬಿಕೆಯನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನೇ ಕೂರಿಸಿಕೊಂಡು ಕೇಳಿದರು: ನಿಮಗೆ ಏನಾಗುತ್ತಿದೆ? ಅದಕ್ಕೆ ಏನು ಮಾಡಿದಿರಿ?

ಸಿಕ್ಕ ಉತ್ತರ ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅನ್ನುವುದು ಗೊತ್ತಿತ್ತು. ಬಹಳ ಜನಕ್ಕೆ ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ರೋಗಿಗಳು ತಾವಾಗಿಯೇ ಬಾಗಿಲಿಗೆ ಬರುತ್ತಿದ್ದಾರೆ, ಬಂದವರನ್ನು ಪರೀಕ್ಷಿಸಿದರೆ ಸಾಕಷ್ಟು ಕೆಲಸ ಆಗುತ್ತದೆ ಅನ್ನುವ ಆ ತಿಳಿವಳಿಕೆ ಅಚ್ಚಾಗುವ ಮೊದಲೇ ಸಿಕ್ಕಿತ್ತು, ಅದರ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಕ್ಷಯಕ್ಕೆ ಅಂತ ಬೇರೆ ಆಸ್ಪತ್ರೆ ಬೇಡ, ಜ್ವರ ನೆಗಡಿಗೆ ಹೋಗುವ ಸರ್ಕಾರಿ ಆಸ್ಪತ್ರೆಯಲ್ಲೇ ಪರೀಕ್ಷೆ, ಅಲ್ಲೇ ಮಾತ್ರೆ. ಬೆಂಗಳೂರಿನ ಆ ಕ್ಷಯರೋಗ ಸಂಸ್ಥೆಯನ್ನು ಕಟ್ಟುವಲ್ಲಿ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ನಮ್ಮ ಕಡೆಯ ಜನ ಕೊಟ್ಟ ಉತ್ತರ ಅಷ್ಟು ದೂರ ಹೋಯಿತು. ಆದರೆ ಉತ್ತರ ಕೊಟ್ಟ ಹಳ್ಳಿಗಳಿಗೆ ಅದು ವಾಪಸ್ ಬರಲಿಲ್ಲ. ನಾನು ಮಾತಾಡಿಸಿದ ಹಿರಿಯರಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ನಮ್ಮಂಥ ಸಂಶೋಧಕರು ಹಳ್ಳಿಯಿಂದ ತೆಗೆದುಕೊಂಡು ಹೋಗುವುದೇ ಜಾಸ್ತಿ, ಹಿಂದಕ್ಕೆ ಕೊಡುವುದು ಕಡಿಮೆ. ಅಧ್ಯಯನ ಮುಗಿದ ಮೇಲೆ ಅದರ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು ಅನ್ನುವ ನಿಯಮವನ್ನು ತಾವು ಮಾಡಿದರೆ ನಾನು ಮೊದಲು ಪಾಲಿಸುತ್ತೇನೆ.

ಈಗ ಇವತ್ತಿನ ಮಾತಿಗೆ ಬರೋಣ. ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ. ಗುರುತು ಸಿಗಬಾರದು ಅಂತ ಊರಿನ ಹೆಸರನ್ನೂ ಆಸ್ಪತ್ರೆಯ ಹೆಸರನ್ನೂ ಬಿಟ್ಟಿದ್ದೇನೆ. ಕೂಲಿಗೆ ಹೋಗುವ ಒಬ್ಬ ಹೆಂಗಸು, ಮೊಮ್ಮಗನ ಜೊತೆ ಒಂದೇ ಕೋಣೆಯ ಮನೆ. ಗೋಡೆಯ ಗೂಡಿನಲ್ಲಿ ಕೆಮ್ಮಿನ ಸಿರಪ್‌ನ ಬಾಟಲಿಗಳು ಸಾಲಾಗಿದ್ದವು. ಒಂದರಲ್ಲಿ ಹರಳೆಣ್ಣೆ, ಇನ್ನೊಂದರಲ್ಲಿ ದೀಪಕ್ಕೆ ಹೊಂಗೆ ಎಣ್ಣೆ. ಒಂದು ತೊಳೆದು ಬೋರಲು ಹಾಕಿದ್ದು. ಒಂದರಲ್ಲಿ ಮಾತ್ರ ತಳದಲ್ಲಿ ಇನ್ನೂ ಸ್ವಲ್ಪ ಔಷಧಿ ಇತ್ತು. ಎರಡು ಸರ್ಕಾರಿ ಆಸ್ಪತ್ರೆಯವು, ಒಂದು ಖಾಸಗಿ ಡಾಕ್ಟರು ಬರೆದದ್ದು, ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. "ಕುಡ್ದಾಗ ಒಂದೆರಡು ದಿನ ತಡೀತದೆ ಕಣಮ್ಮ, ಆಮೇಲೆ ಮತ್ತೆ ಅದೇ" ಅಂದರು. ಸಂಕ್ರಾಂತಿ ಹೊತ್ತಿಗೆ ಶುರುವಾದ ಕೆಮ್ಮು. ಕಫ ಪರೀಕ್ಷೆ ಆಗಿದ್ದು ಯುಗಾದಿ ಕಳೆದ ಮೇಲೆ. ಕಫದಲ್ಲಿ ರೋಗಾಣು ಇತ್ತು.

ಈ ಹೆಂಗಸಿಗೆ ಅರಿವಿರಲಿಲ್ಲ ಅಂತ ಯಾರಾದರೂ ಹೇಳುವುದಕ್ಕೆ ಆಗುತ್ತಾ? ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾದು, ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, ತಾನಾಗಿಯೇ ಬಾಗಿಲು ತಟ್ಟಿದವರು ಅವರು. ಪ್ರತಿ ಸಲವೂ ಯಾರೋ ಒಬ್ಬರು "ಎಷ್ಟು ದಿನದಿಂದ ಕೆಮ್ಮು?" ಅಂತ ಕೇಳಿದ್ದರೆ ಸಾಕಿತ್ತು.

ತಡವಾದರೆ ಏನಾಗುತ್ತದೆ ಅನ್ನುವುದು ತಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಚಿಕಿತ್ಸೆ ಇಲ್ಲದ ಒಬ್ಬ ರೋಗಿಯಿಂದ ಒಂದು ವರ್ಷದಲ್ಲಿ 10ರಿಂದ 15 ಜನರಿಗೆ ಸೋಂಕು ದಾಟಬಹುದು. ಅದೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಐದು ವರ್ಷ ರೋಗಿಗಳನ್ನು ಗಮನಿಸಿತ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಐದು ವರ್ಷದಲ್ಲಿ ತೀರಿಕೊಂಡಿದ್ದರು. ಈಗ ಆರು ತಿಂಗಳ ಮಾತ್ರೆಯಲ್ಲಿ ಸಾಮಾನ್ಯ ಕ್ಷಯ ವಾಸಿಯಾಗುತ್ತದೆ, ಮಾತ್ರೆ ಪುಕ್ಕಟೆ ಸಿಗುತ್ತದೆ. ಹಾಗಿದ್ದೂ 2023ರಲ್ಲಿ ನಮ್ಮ ದೇಶದಲ್ಲಿ 3 ಲಕ್ಷಕ್ಕೂ ಜಾಸ್ತಿ ಜನ ಕ್ಷಯದಿಂದ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2025ರ ಹೊತ್ತಿಗೆ ದೇಶದಿಂದ ಕ್ಷಯವನ್ನು ಓಡಿಸಬೇಕು ಅಂತ ಗುರಿ ಇಟ್ಟುಕೊಂಡಿದ್ದೆವು. ಆ ಗುರಿ ಮುಟ್ಟಲಿಲ್ಲ.

ಸಭೆಗಳಲ್ಲಿ ಈ ವಿಷಯ ಎತ್ತಿದಾಗ ನನಗೆ ಸಿಗುವ ಉತ್ತರ ಒಂದೇ: "ಜನ ಬರೋದೇ ಇಲ್ಲ ಮೇಡಂ." ಅದಕ್ಕೆ ಆಧಾರವೂ ಇದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು 64% ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಂದ ಉಳಿದವರನ್ನು ನಾವು ಹೇಗೆ ನೋಡಿಕೊಂಡೆವು ಅನ್ನುವುದು ಮೊದಲ ಪ್ರಶ್ನೆ ಆಗಬೇಕು. ಅಕ್ಕ ಹೋಗಿ ಬಂದು ಬರೀ ಬಾಟಲಿ ತಂದದ್ದನ್ನು ನೋಡಿದ ತಂಗಿ ತನಗೆ ಕೆಮ್ಮು ಬಂದಾಗ ಯಾಕೆ ಹೋಗುತ್ತಾಳೆ? ಜಾಥಾ, ಬ್ಯಾನರ್, ಬೀದಿ ನಾಟಕ ಎಲ್ಲ ಮಾಡೋಣ. ಆದರೆ ಜನ ಬಂದಾಗ ಪರೀಕ್ಷೆ ಆಗುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದರೆ ಜಾಥಾದಿಂದ ಉಪಯೋಗವಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಅದೇ ಸಮೀಕ್ಷೆಯಲ್ಲಿ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ಸುಮಾರು 43% ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಕೆಮ್ಮೇ ಇಲ್ಲದ ಕ್ಷಯವೂ ಇದೆ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರು, ಕಲ್ಲು ಕ್ವಾರಿ ಮತ್ತು ಕ್ರಷರ್‌ಗಳಲ್ಲಿ ದೂಳು ಕುಡಿಯುವ ಕೂಲಿಗಳು, ರೋಗಿಯ ಮನೆಯವರು, ಇವರಿಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಊರಿಗೇ ಬರಬೇಕು. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕೆಮ್ಮುತ್ತಾ ಎದುರಿಗೆ ನಿಂತವರನ್ನು ಬಿಟ್ಟು ಕೆಮ್ಮದವರನ್ನು ಹುಡುಕಿಕೊಂಡು ಹೋಗುವುದು ಯಾವ ನ್ಯಾಯ?

ಕಫ ಪರೀಕ್ಷೆ ಅಂದರೆ ಡಬ್ಬಿ ಕೊಟ್ಟು ಕಳಿಸುವುದು ಅಂತ ಅಂದುಕೊಂಡಿದ್ದೇವೆ. ಅಲ್ಲೇ ಅರ್ಧ ಕೆಲಸ ಕೆಡುತ್ತದೆ. ಡಬ್ಬಿ ಕೊಟ್ಟು "ನಾಳೆ ಬೆಳಿಗ್ಗೆ ತಗೊಂಡ್ ಬಾ" ಅಂದರೆ ಬರುವುದು ಬಹಳ ಸಲ ಬಾಯಿಯ ಉಗುಳು. ಅದರಲ್ಲಿ ರೋಗಾಣು ಸಿಗುವ ಸಾಧ್ಯತೆ ಕಡಿಮೆ. ಬಾಯಿ ಮುಕ್ಕಳಿಸಬೇಕು, ಎರಡು ಮೂರು ಸಲ ಜೋರಾಗಿ ಉಸಿರೆಳೆದುಕೊಳ್ಳಬೇಕು, ಎದೆಯ ಆಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೀಳಬೇಕು. ಇದನ್ನು ಯಾರಾದರೂ ಎದುರಿಗೆ ನಿಂತು ತೋರಿಸಿಕೊಡಬೇಕು. ತೆರೆದ ಗಾಳಿಯಲ್ಲಿ ಮಾಡಿಸಬೇಕು, ಜೊತೆಗೆ ಮರೆಯೂ ಇರಬೇಕು. ನಮ್ಮ ಹೆಣ್ಣುಮಕ್ಕಳು ನಾಲ್ಕು ಜನ ಗಂಡಸರ ಎದುರು ಕ್ಯಾಕರಿಸಿ ಉಗಿಯುವುದಿಲ್ಲ. ನಾಚಿಕೆಗೆ ಮೆಲ್ಲಗೆ ಒಂದಿಷ್ಟು ಎಂಜಲು ಹಾಕಿ ಮುಚ್ಚಳ ಮುಚ್ಚುತ್ತಾರೆ. ಪರೀಕ್ಷೆಯಲ್ಲಿ "ಏನೂ ಇಲ್ಲ" ಅಂತ ಬರುತ್ತದೆ. ಮತ್ತೆ ಸಿರಪ್.

ಇದು ನನ್ನ ಊಹೆಯಲ್ಲ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು, 2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಫ ಹೇಗೆ ಕೊಡಬೇಕು ಅಂತ ಹೇಳಿಕೊಡದ ಹೆಂಗಸರಲ್ಲಿ 8% ಜನರ ಕಫದಲ್ಲಿ ರೋಗಾಣು ಕಂಡರೆ, ಹೇಳಿಕೊಟ್ಟವರಲ್ಲಿ 13% ಜನರಲ್ಲಿ ಕಂಡಿತು. ಯಂತ್ರ ಅದೇ, ಪ್ರಯೋಗಾಲಯ ಅದೇ. ನಾಲ್ಕು ಮಾತು ಹೇಳಿಕೊಟ್ಟದ್ದಷ್ಟೇ ವ್ಯತ್ಯಾಸ. ಪ್ರತಿ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ತಗಡಿನ ಮರೆ, ಒಂದು ನಲ್ಲಿ, ಹೆಂಗಸರಿಗೆ ಹೇಳಿಕೊಡಲು ಒಬ್ಬ ನರ್ಸ್ ಅಥವಾ ಆಶಾ. ಜಿಲ್ಲಾ ಪಂಚಾಯತ್‌ಗೆ ಇದು ದೊಡ್ಡ ಖರ್ಚಲ್ಲ.

ಕಫ ಕೊಟ್ಟ ಮೇಲೂ ದಾರಿ ಮುಗಿಯುವುದಿಲ್ಲ. ಕಫದಲ್ಲಿ ಕ್ಷಯದ ರೋಗಾಣು ಪತ್ತೆ ಮಾಡುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಯಂತ್ರಕ್ಕೆ ಹಾಕಿದರೆ ಒಂದೆರಡು ಗಂಟೆಯಲ್ಲಿ ಫಲಿತಾಂಶ ಬರುತ್ತದೆ, ಮುಖ್ಯ ಮಾತ್ರೆಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದಾ ಇಲ್ವಾ ಅನ್ನುವುದೂ ಗೊತ್ತಾಗುತ್ತದೆ. ಆದರೆ ಡಬ್ಬಿ ಯಂತ್ರದವರೆಗೆ ಹೋಗುವುದಕ್ಕೇ ದಿನಗಳು ಬೇಕು. ಕೋವಿಡ್ ಕಾಲದಲ್ಲಿ ಇದೇ ಜಿಲ್ಲೆ, ಇದೇ ಸಿಬ್ಬಂದಿ, ಮೂಗು ಗಂಟಲಿನ ಮಾದರಿಗಳನ್ನು ಮೂಲೆ ಮೂಲೆಯ ಹಳ್ಳಿಯಿಂದ ಸಾಗಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಫಲಿತಾಂಶ ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವವಿದೆ. ಅದೇ ವ್ಯವಸ್ಥೆ ವಾರಕ್ಕೆ ಎರಡು ಮೂರು ದಿನ ಕಫಕ್ಕೂ ಬೇಕು. ಪಾವಗಡದ ಗಡಿಯಲ್ಲಿರುವ ಕೂಲಿಯವನಿಗೆ ಫಲಿತಾಂಶ ಕೇಳೋಕೆ ಅಂತ ಮತ್ತೊಂದು ದಿನದ ಸಂಬಳ ಕಳೆದುಕೊಳ್ಳಿ ಅಂತ ಹೇಳುವ ಹಾಗಿಲ್ಲ.

ಇನ್ನು ನನ್ನ ಮುಖ್ಯ ಸಲಹೆ. ಕೆಮ್ಮಿನ ಔಷಧಿ ಕೊಡುವ ಕಿಟಕಿಯಲ್ಲೇ ಈ ಕೆಲಸ ಶುರುವಾಗಲಿ. ಔಷಧಿ ಕೊಡುವ ಫಾರ್ಮಸಿ ಅಧಿಕಾರಿ ಒಂದೇ ಪ್ರಶ್ನೆ ಕೇಳಲಿ: ಎಷ್ಟು ದಿನದಿಂದ ಕೆಮ್ಮು? ಎರಡು ವಾರ ದಾಟಿದ್ದರೆ ಬಾಟಲಿಯ ಜೊತೆಗೆ ಕಫದ ಡಬ್ಬಿಯನ್ನೂ ಕೊಟ್ಟು ಪಕ್ಕದ ಕೋಣೆಗೆ ಕಳಿಸಲಿ. ಅದೇ ಮನುಷ್ಯ ಎರಡನೇ ಬಾಟಲಿಗೆ ಬಂದರೆ, ಎಷ್ಟು ದಿನದ ಕೆಮ್ಮೇ ಆಗಿರಲಿ, ಕಫ ಪರೀಕ್ಷೆಯ ಚೀಟಿ ಇದೆಯಾ ಅಂತ ನೋಡಲಿ. ಔಷಧಿ ತಡೆಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಕೆಮ್ಮುವವರಿಗೆ ಸಮಾಧಾನ ಬೇಕು, ಕೊಡಿ. ಆದರೆ ಚೀಟಿ ಇಲ್ಲದಿದ್ದರೆ ಆ ಹೊತ್ತಿಗೇ ಪರೀಕ್ಷೆ ಮಾಡಿಸಿ. ಹೊರರೋಗಿ ವಿಭಾಗದ ಪುಸ್ತಕದಲ್ಲಿ "ಕೆಮ್ಮು, ಎಷ್ಟು ದಿನ" ಅಂತ ಒಂದು ಕಾಲಂ ಎಳೆದರೆ ಲೆಕ್ಕವೂ ಸಿಗುತ್ತದೆ. ಡಾಕ್ಟರಿಗೆ ದಿನಕ್ಕೆ ನೂರು ಜನ ನೋಡುವ ಒತ್ತಡ ಇರುತ್ತದೆ, ಮರೆತು ಹೋಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ಅದಕ್ಕೇ ಎರಡನೇ ಜೋಡಿ ಕಣ್ಣು ಬೇಕು ಅಂತ ಹೇಳುತ್ತಿರುವುದು.

ಖಾಸಗಿ ವೈದ್ಯರಿಗೂ ಒಂದು ಮಾತು. ಕ್ಷಯ ರೋಗಿ ಸಿಕ್ಕರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಅದಕ್ಕಿಂತ ಮುಖ್ಯವಾಗಿ, ವಾರಗಟ್ಟಲೆಯ ಕೆಮ್ಮಿಗೆ ಪರೀಕ್ಷೆ ಇಲ್ಲದೆ ಲಿವೋಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆ ಬರೆಯಬೇಡಿ. ಅದು ಕ್ಷಯದ ರೋಗಾಣುವನ್ನೂ ಅರೆಬರೆ ಹೊಡೆಯುತ್ತದೆ, ನಾಲ್ಕು ದಿನ ಹುಷಾರಾದ ಹಾಗೆ ಕಾಣುತ್ತದೆ, ಕಾಯಿಲೆ ಮರೆಯಾಗಿ ಬೆಳೆಯುತ್ತದೆ. ಮೆಡಿಕಲ್ ಶಾಪಿನವರೂ ಅಷ್ಟೇ, ಕೆಮ್ಮಿನ ಔಷಧಿ ಕೇಳುವವರಿಗೆ ಅದೇ ಒಂದು ಪ್ರಶ್ನೆ ಕೇಳಿ, ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಿ.

ಈಗ "ಕ್ಷಯಮುಕ್ತ ಪಂಚಾಯತ್" ವಿಷಯ. ಕೆಲವು ಅಳತೆಗಳನ್ನು ಮುಟ್ಟಿದ ಗ್ರಾಮ ಪಂಚಾಯತ್‌ಗೆ ಸರ್ಕಾರ ಈ ಹೆಸರಿನ ಪ್ರಮಾಣಪತ್ರ ಕೊಡುತ್ತದೆ. ಇದರ ಉದ್ದೇಶ ಒಳ್ಳೆಯದು. ಪಂಚಾಯತ್ ಸದಸ್ಯರು ಕ್ಷಯದ ಬಗ್ಗೆ ಮಾತಾಡುವ ಹಾಗೆ ಆಗಿದ್ದೇ ಇದರಿಂದ. ಆದರೆ ಅದರ ಅಳತೆಗಳಲ್ಲಿ ಎರಡನ್ನು ನೋಡಿ. ಸಾವಿರ ಜನಸಂಖ್ಯೆಗೆ ವರ್ಷಕ್ಕೆ 30 ಪರೀಕ್ಷೆ ಆಗಿರಬೇಕು, ಮತ್ತು ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ರೋಗಿ ಇರಬಾರದು. ಪ್ರಮಾಣಪತ್ರದ ಆಸೆಗೆ ಬಿದ್ದರೆ ಏನಾಗುತ್ತದೆ? ಕೆಮ್ಮೇ ಇಲ್ಲದವರ ಕಫ ತೆಗೆದು 30 ಭರ್ತಿ ಮಾಡಬಹುದು. ನಿಜವಾಗಿ ಕೆಮ್ಮುವವರನ್ನು ಪರೀಕ್ಷಿಸಿದರೆ ರೋಗಿ ಸಿಗುತ್ತಾರೆ, ಸಿಕ್ಕರೆ ಪ್ರಮಾಣಪತ್ರ ತಪ್ಪುತ್ತದೆ. ರೋಗಿಯನ್ನು ಪತ್ತೆ ಮಾಡಿದ ಆಶಾ ಕಾರ್ಯಕರ್ತೆ ಊರಿನ ಹೆಸರು ಕೆಡಿಸಿದಳು ಅನ್ನುವ ಮಾತು ಯಾವ ಪಂಚಾಯತ್‌ನಲ್ಲೂ ಬರಬಾರದು. ಮೊದಲ ಎರಡು ಮೂರು ವರ್ಷ ರೋಗಿಗಳ ಸಂಖ್ಯೆ ಏರಿದರೆ ಅದು ಒಳ್ಳೆಯ ಕೆಲಸದ ಗುರುತು. ಅಂಥ ಪಂಚಾಯತ್‌ಗಳನ್ನು ತಾವು ಕರೆದು ಸನ್ಮಾನ ಮಾಡಬೇಕು ಅನ್ನುವುದು ನನ್ನ ಕೋರಿಕೆ.

ಆಶಾಗಳ ಪ್ರೋತ್ಸಾಹಧನ ಸಮಯಕ್ಕೆ ಸರಿಯಾಗಿ ಸಿಗಲಿ. ಬಿಸಿಲಲ್ಲಿ ಡಬ್ಬಿ ಹೊತ್ತು ಓಡಾಡುವವರು ಅವರು. ಇದರ ಬಗ್ಗೆ ಬೇರೆ ವಿವರಣೆ ಬೇಕಾಗಿಲ್ಲ.

ಊಟದ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಳ ಮನೆಯ 10,345 ಜನರನ್ನು ಅವರು ಗಮನಿಸಿದರು. ಕೆಲವು ಕುಟುಂಬಗಳಲ್ಲಿ ರೋಗಿಗೆ ಮಾತ್ರ ರೇಷನ್. ಉಳಿದ ಕುಟುಂಬಗಳಲ್ಲಿ ಮನೆಯ ಬೇರೆ ದೊಡ್ಡವರಿಗೂ ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಎಲ್ಲರಿಗೂ ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಯಿತು. ಇನ್ನೊಬ್ಬರಿಗೆ ಹರಡುವ ಬಗೆಯ ಕ್ಷಯ 48% ಕಡಿಮೆಯಾಯಿತು. ಅಕ್ಕಿ ಬೇಳೆಗೆ ಇಷ್ಟು ಶಕ್ತಿ ಇದೆ. ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ, ಸಂತೋಷ. ಆದರೆ ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಮೊಟ್ಟೆ ಬೇಯಿಸಿ ಕೊಡುವ ತಾಯಿ ನಮ್ಮಲ್ಲಿ ಇಲ್ಲ. ಬಂದದ್ದನ್ನು ಎಲ್ಲರಿಗೂ ಹಂಚುತ್ತಾಳೆ. ದಾನಿಗಳಿಂದ ಬರುವ ಆಹಾರದ ಕಿಟ್‌ಗಳು ಇಡೀ ಮನೆಗೆ ಆಗುವಷ್ಟು ಇರಲಿ. ಬೇಳೆ, ಕಡಲೆಕಾಯಿ, ರಾಗಿ, ಹೆಸರುಕಾಳು ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತವೆ.

ಆ ಹೆಂಗಸಿನ ಮೊಮ್ಮಗನಿಗೆ ಐದು ವರ್ಷ ತುಂಬಿರಲಿಲ್ಲ. ಅಷ್ಟು ಸಣ್ಣ ಮಕ್ಕಳಿಗೆ ಸೋಂಕು ತಗುಲಿದರೆ ಕಾಯಿಲೆ ಬೇಗ ಬಲಿಯುತ್ತದೆ, ಮೆದುಳಿನವರೆಗೂ ಹೋಗಬಹುದು. ಅದಕ್ಕೇ ರೋಗಿಯ ಮನೆಯ ಮಕ್ಕಳಿಗೂ ದೊಡ್ಡವರಿಗೂ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು ಮುಂಜಾಗ್ರತೆಯ ಮಾತ್ರೆ ಕೊಡುವ ನಿಯಮ ಇದೆ. ಈ ಹುಡುಗನಿಗೆ ಆ ಮಾತ್ರೆ ಸಿಕ್ಕಿತು. ಆದರೆ ಅಜ್ಜಿಯ ಮೊದಲ ಬಾಟಲಿಯ ದಿನವೇ ಪರೀಕ್ಷೆ ಆಗಿದ್ದರೆ ಎರಡು ತಿಂಗಳಿಗೂ ಜಾಸ್ತಿ ಕಾಲ ಅವನು ಅದೇ ಕೋಣೆಯಲ್ಲಿ, ಅದೇ ಕಂಬಳಿಯಲ್ಲಿ ಆ ಗಾಳಿ ಕುಡಿಯಬೇಕಾಗಿರಲಿಲ್ಲ.

ಮಾನ್ಯರೇ, ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂರು ಅಂಕಿ ಓದಿಸಿ. ಎರಡು ವಾರ ದಾಟಿದ ಕೆಮ್ಮಿನವರು ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಜನರ ಕಫ ಪರೀಕ್ಷೆ ಆಯಿತು, ಫಲಿತಾಂಶ ಅವರ ಕೈಗೆ ಎಷ್ಟು ದಿನಕ್ಕೆ ಸಿಕ್ಕಿತು. ಹತ್ತು ತಾಲ್ಲೂಕುಗಳಲ್ಲಿ ಒಟ್ಟಿಗೆ ಆಗದಿದ್ದರೆ ಒಂದರಲ್ಲಿ ಶುರು ಮಾಡಿ. ಪಾವಗಡವೋ, ಶಿರಾವೋ, ಮಧುಗಿರಿಯೋ, ತಾವೇ ಹೇಳಿ. ಪುಸ್ತಕದ ಕಾಲಂನ ನಮೂನೆ, ಕಫ ಕೊಡುವುದನ್ನು ಹೇಳಿಕೊಡಲು ಆಶಾಗಳಿಗೆ ಬೇಕಾದ ಒಂದು ಪುಟದ ಪಾಠ, ಎರಡನ್ನೂ ಬರೆದಿಟ್ಟಿದ್ದೇನೆ. ಕರೆದ ದಿನ ತೆಗೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಮುದಾಯ ಆರೋಗ್ಯ ಸಂಶೋಧಕಿ
ತುಮಕೂರು